ಕಾಣದ ಚುಕ್ಕಿಗೆ ಕೋಲು ತೋರಿಸಿದ್ದು

ಮಕ್ಕಳೇ, ಬಲಗಣ್ಣಿನ ಆಪರೇಷನ್ ಆಗಿ ನಾನು ನಿಮ್ಮ ಮನೆಯಲ್ಲಿ ಮಲಗಿದ್ದಾಗ ನೀವು ಮೂವರೂ ಹಾಸಿಗೆಯ ಸುತ್ತ ಕುಳಿತು, "ಅಜ್ಜೀ, ನಿನಗ ಕಣ್ಣು ಕಾಣವಲ್ದು ಅಂತ ಯಾವಾಗ ಗೊತ್ತಾತು?" ಎಂದು ಕೇಳಿದಿರಿ. ನಾನು ನೀರು ಕೇಳಿದೆ. ನೀರು ಕುಡಿದ ಮೇಲೆ ನಿದ್ದೆ ಬಂದವಳಂತೆ ಮಲಗಿದೆ. ಬಾಯಿಬಿಟ್ಟು ಹೇಳುವುದು ನನಗೆ ಆಗುವುದಿಲ್ಲ. ಮಲ್ಲಟದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಅಷ್ಟು ವರ್ಷಗಳಲ್ಲಿ ಎದ್ದು ನಿಂತು ಉತ್ತರ ಹೇಳಿದ್ದು ಎರಡು ಸಲ. ಬರೆಯುವ ಪರೀಕ್ಷೆಯಲ್ಲಿ ಮಾತ್ರ ಪಾಸಾಗುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಕೊಟ್ಟ ಊರು ಅರಕೇರಾದ ಹತ್ತಿರ. ಅಲ್ಲಿ ಮಳೆ ನಂಬಿದ ಹೊಲಗಳು. ಸುಗ್ಗಿ ಮುಗಿದ ಮೇಲೆ ಕುರಿಗೆ ಮೇವು ಸಾಲುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ನಮ್ಮವರು ಹಿಂಡು ಹೊಡೆದುಕೊಂಡು ಸಿರವಾರ ದಾಟಿ ಮಾನ್ವಿ ಕಡೆಯ ಗದ್ದೆಗಳಿಗೆ ಹೋಗುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಕುರಿ ಹಗಲು ಕೂಳೆ ಮೇಯುತ್ತವೆ, ರಾತ್ರಿ ಸುತ್ತಲೂ ಕಟ್ಟಿದ ಬಲೆಯೊಳಗೆ ಮಲಗುತ್ತವೆ. ಮಲಗಿದಲ್ಲೇ ಗೊಬ್ಬರವಾಗುತ್ತದೆ. ಎರಡು ರಾತ್ರಿಗೊಮ್ಮೆ ಬಲೆ ಕಿತ್ತು ಪಕ್ಕದ ಗದ್ದೆಯಲ್ಲಿ ಹೂಡಬೇಕು. ಮೊದಲೆಲ್ಲ ನಮ್ಮ ಪಾತ್ರೆ, ಕಂಬಳಿ ಕತ್ತೆಯ ಮೇಲೆ ಬರುತ್ತಿದ್ದವು. ಈಗ ಟಂಟಂ ಆಟೋದಲ್ಲಿ ಬರುತ್ತವೆ. ನಾವು ಈಗಲೂ ನಡೆದೇ ಬರುತ್ತೇವೆ, ಕುರಿಗಳು ಟಂಟಂ ಹತ್ತುವುದಿಲ್ಲವಾದ್ದರಿಂದ.

ನಮ್ಮ ಹಿಂಡಿನಲ್ಲಿ ಎರಡು ಮನೆ. ಒಂದು ನನ್ನ ಮೈದುನನದು, ಅಂದರೆ ನಿಮ್ಮ ಸಣ್ಣಜ್ಜನದು. ಆ ಮನೆಯಲ್ಲಿ ಅವನು, ಅವನ ಹೆಂಡತಿಯಾದ ನನ್ನ ನೆಗೆಣ್ಣಿ, ಅವರ ಮಗ, ಮಗನ ಹೆಂಡತಿ. ಇನ್ನೊಂದು ಮನೆ ನಾನು. ನಿಮ್ಮ ಅಜ್ಜ ಬಿಟ್ಟುಹೋದ ಕುರಿಗಳಿರುವುದರಿಂದ ನಾನೊಬ್ಬಳೇ ಒಂದು ಮನೆ. ಆದರೆ ಹಿಂಡಿನಲ್ಲಿ ಕುರಿ ಇಟ್ಟ ಪ್ರತಿ ಮನೆಯಿಂದಲೂ ಒಬ್ಬರಾದರೂ ರಾತ್ರಿ ಪಾಳಿ ಕಾಯಲೇಬೇಕು. ತೋಳ ಬರುತ್ತವೆ, ತೋಳಕ್ಕಿಂತ ಹೆಚ್ಚಾಗಿ ಮೋಟಾರ್ ಸೈಕಲ್ಲಿನ ಕಳ್ಳರು ಬರುತ್ತಾರೆ. ಪಾಳಿ ಕಾಯುವವರಿಲ್ಲದ ಮನೆಯ ಕುರಿಗಳು ಹಿಂಡಿನ ಯಜಮಾನನ, ಅಂದರೆ ಮೈದುನನ ಕುರಿಗಳೊಂದಿಗೆ ಸೇರಿಹೋಗುತ್ತವೆ, ಆ ಮನೆಯವರು ಹಿಂಡು ಬಿಟ್ಟು ಊರು ಸೇರುತ್ತಾರೆ. ನನ್ನ ಪಾಳಿ ಹೋದರೆ ನಾನು ರಾಯಚೂರಿನ ನಿಮ್ಮ ಮನೆಗೆ ಬಂದು ಇರಬೇಕಾಗಿತ್ತು. ನಿಮ್ಮ ಮನೆ ಚೆನ್ನಾಗಿದೆ. ಎರಡನೆಯ ಮಹಡಿಯಲ್ಲಿದೆ. ಅಲ್ಲಿ ನಿಮ್ಮವ್ವ ನನಗೆ ವಹಿಸಿರುವ ಕೆಲಸ ನೀರಿನ ಟಾಕಿ ತುಂಬಿದಾಗ ಮೋಟಾರು ಬಂದ್ ಮಾಡುವುದು.

ಪಾಳಿಯವರ ಕಣ್ಣು ನೋಡಲು ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಾನ್ವಿ ಸೀಮೆಯ ಮೊದಲ ಗದ್ದೆಯಲ್ಲಿ ಬಲೆ ಹೂಡಿದ ಸಂಜೆ, ಊಟವಾದ ಮೇಲೆ, ಎಲ್ಲರೂ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಬೇಕು. ಆ ಹೊತ್ತಿಗೆ ದಕ್ಷಿಣದಲ್ಲಿ ಎರಡು ದೊಡ್ಡ ಚುಕ್ಕಿಗಳಿರುತ್ತವೆ. ಮೇಲಿನದು ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಕೆಳಗಿನದು ಅದಕ್ಕೆ ಸ್ವಲ್ಪ ಕಡಿಮೆ. ಅವೆರಡನ್ನು ಕುರುಡರನ್ನು ಬಿಟ್ಟು ಎಲ್ಲರೂ ನೋಡಬಲ್ಲರು. ಎರಡರ ನಡುವೆ, ಕೆಳಗಿನದಕ್ಕೆ ಹತ್ತಿರ, ಒಂದು ಗೇಣು ಎಡಕ್ಕೆ ಒಂದು ಮಬ್ಬು ಚುಕ್ಕಿ ಇದೆ. ಕೆಂಪಗೆ, ಆರಲು ಬಂದ ಬೀಡಿಯ ತುದಿಯ ಹಾಗೆ. ಅದನ್ನು ಕೋಲು ಚಾಚಿ ತೋರಿಸಿದವರಿಗೆ ಪಾಳಿ. ತೋರಿಸಲಾರದವರಿಗೆ ಆ ವರ್ಷ ಒಲೆಯ ಕೆಲಸ. ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲದಿಂದ ಪ್ರತಿವರ್ಷ ಅದನ್ನು ತೋರಿಸಿದ್ದೇನೆ. ತವರೂರಿನ ಶಾಲೆಯಲ್ಲಿ ಬಾರದ ಧೈರ್ಯ ಅಲ್ಲಿ ಬರುತ್ತಿತ್ತು, ಏಕೆಂದರೆ ಮಾತಾಡಬೇಕಾಗಿರಲಿಲ್ಲ.

ಹೋದ ವರ್ಷ ಮೊದಲ ಗದ್ದೆ ಮಲ್ಲಟದ ಹತ್ತಿರವೇ ಸಿಕ್ಕಿತು. ಊಟವಾಯಿತು. ಮೈದುನ ಮೊದಲು ಕೋಲು ಚಾಚಿದ. "ಅಗಾ," ಎಂದ. ಅವನ ಮಗ ಚಾಚಿದ. "ಅಗಾ." ನನ್ನ ಸರದಿ ಬಂತು. ಮೇಲಿನ ಚುಕ್ಕಿ ನೋಡಿದೆ, ಕೆಳಗಿನದು ನೋಡಿದೆ, ಗೇಣು ಎಡಕ್ಕೆ ಬಂದೆ. ಅಲ್ಲಿ ಕತ್ತಲೆ ಇತ್ತು. ಕಣ್ಣು ಉಜ್ಜಿಕೊಂಡು ನೋಡಿದೆ. ಉಜ್ಜಿದ ಕತ್ತಲೆ ಇತ್ತು.

ನನ್ನ ಕಣ್ಣಿನ ಮೇಲೆ ನನಗೆ ಮೊದಲೇ ಅನುಮಾನವಿತ್ತು. ಆರು ತಿಂಗಳಿಂದ ಸೂಜಿಗೆ ದಾರ ಹಾಕುವಾಗ ಬಲಗಣ್ಣು ಮುಚ್ಚಿಕೊಳ್ಳುತ್ತಿದ್ದೆ. ನನ್ನ ಪಾಳಿ ಮುಗಿಯಿತು ಎಂದುಕೊಂಡೆ. ಆದರೆ ಚುಕ್ಕಿ ಎಲ್ಲಿರುತ್ತದೆ ಎಂಬುದು ನನಗೆ ಗೊತ್ತಿತ್ತಲ್ಲ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕತ್ತಲಲ್ಲೂ ತೋರಿಸಬಲ್ಲೆ, ಡಬ್ಬಿ ಕಾಣಬೇಕಿಲ್ಲ. ಕೋಲು ಚಾಚಿದೆ.

"ಬರೋಬ್ಬರಿ," ಎಂದ ಮೈದುನ.

ಕೊನೆಗೆ ಸೊಸೆಯ ಸರದಿ. ಆ ಹುಡುಗಿ ಸಿರವಾರದವಳು, ಪಿಯುಸಿ ಓದಿದವಳು. ಮದುವೆಯಾಗಿ ಎರಡನೆಯ ಚಳಿಗಾಲ. ಹಿಂದಿನ ವರ್ಷ ಚುಕ್ಕಿಯನ್ನು ಸರಿಯಾಗಿಯೇ ತೋರಿಸಿದ್ದಳು. ಈ ಸಲ ಕೋಲು ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೋಲು ಇಳಿಸಿದಳು.

"ಮಾವಾ, ಅಲ್ಲಿ ಏನೂ ಇಲ್ಲಲ್ರಿ."

"ಏನೂ ಇಲ್ಲಂದ್ರ?"

"ಚುಕ್ಕಿ ಇಲ್ರಿ."

ಒಲೆಯ ಮುಂದೆ ಕುಳಿತಿದ್ದ ನೆಗೆಣ್ಣಿ ತಲೆ ಎತ್ತದೆ ಹೇಳಿದಳು: "ಎದ್ದು ಕಾಣಾಕತ್ತದಲ್ಲ ಬೇ! ನನಗ ಇಲ್ಲಿಂದನ ಕಾಣಾಕತ್ತದ." ಆಕೆ ಕುಳಿತಿದ್ದದ್ದು ಉತ್ತರಕ್ಕೆ ಮುಖ ಮಾಡಿ.

ಮರುದಿನ ಸಂಜೆ ಮತ್ತೆ ನೋಡಿಸಿದರು. ಅದರ ಮರುದಿನವೂ ನೋಡಿಸಿದರು. ನಾವು ಮೂವರು ದಿನವೂ ತೋರಿಸಿದೆವು. ಆಕೆ ದಿನವೂ ಇಲ್ಲ ಎಂದಳು. ಆಕೆಯ ಗಂಡ ಅವಳನ್ನು ಬದಿಗೆ ಕರೆದು, "ಸುಮ್ನ ಆ ಕಡಿ ಕೋಲು ಮಾಡಿ ಬಿಡು," ಎಂದದ್ದು ನನಗೆ ಕೇಳಿಸಿತು. "ಇಲ್ಲದ್ದು ಹೆಂಗ ತೋರಿಸಲಿ? ನಿಮಗ ಕಂಡದ, ನೀವು ತೋರಿಸ್ರಿ," ಎಂದಳು. ಅವನು ಕೆಮ್ಮಿದ.

ನೆಗೆಣ್ಣಿಗೆ ಇದು ಚುಕ್ಕಿಯ ಮಾತಾಗಿ ಉಳಿಯಲಿಲ್ಲ. "ಇರುಳುಗಣ್ಣು ಇದ್ದ ಹುಡುಗಿನ ನಮಗ ಕಟ್ಟ್ಯಾರ. ಹೋದ ವರ್ಷ ಗಂಡ ಪಕ್ಕದಾಗ ನಿಂತು ಹೇಳಿಕೊಟ್ಟಾನ, ತೋರಿಸ್ಯಾಳ. ಅವರಪ್ಪನ್ನ ಕರಸ್ರಿ. ಕರಕೊಂಡು ಹೋಗಿ ತೋರಿಸಿಕೊಂಡು ಬರಲಿ, ಇಲ್ಲಾಂದ್ರ ಅಲ್ಲೇ ಇಟ್ಟುಕೊಳ್ಳಲಿ," ಎಂದಳು. ತವರಿಗೆ ಹಾಗೆ ಕಳಿಸಿದ ಹೆಣ್ಣುಮಕ್ಕಳು ಎಷ್ಟು ದಿನಕ್ಕೆ ತಿರುಗಿ ಬರುತ್ತಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹುಡುಗಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದು ನಿಲ್ಲಿಸಲಿಲ್ಲ. ಆ ರೊಟ್ಟಿ ತೆಳ್ಳಗೆ ಆಯಿತು.

ಮೈದುನ ಆತುರದವನಲ್ಲ. "ಮೊದಲ ರಾಯಚೂರಾಗ ಕಣ್ಣಿನ ಡಾಕ್ಟರಿಗಿ ತೋರಸೋಣು. ಅತ್ತಿಗೆವ್ವ, ನಿನ್ನ ಮಗಳು ಅಲ್ಲೇ ಅದಾಳ, ನೀನ ಕರಕೊಂಡು ಹೋಗು. ಕಣ್ಣು ಖರಾಬು ಇದ್ರ ಬೀಗರಿಗಿ ಹೇಳೋಣು," ಎಂದ.

ಹೀಗೆ, ಚುಕ್ಕಿ ಕಾಣದಿದ್ದವಳನ್ನು ಚುಕ್ಕಿ ಕಾಣದಿದ್ದವಳು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಳು.

ಸಿರವಾರದಲ್ಲಿ ಬಸ್ಸು ಬದಲಿಸಬೇಕಿತ್ತು. ಆಕೆಯ ತವರುಮನೆ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಇತ್ತು. ಆಕೆ ಆ ಕಡೆ ಬೆನ್ನು ಮಾಡಿ ನಿಂತಳು. ಅವಳ ಕುತ್ತಿಗೆಯ ಮೇಲೆ ಬಿಸಿಲು ಬೀಳುತ್ತಿತ್ತು. ನೆರಳಿಗೆ ಬಾ ಎಂದೆ, ಬರಲಿಲ್ಲ. ರಾಯಚೂರಿನ ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು.

"ದೊಡ್ಡತ್ತಿ, ನಿಮಗ ಖರೇನ ಕಂಡಿತೇನ್ರಿ?"

ನಾನು "ಹ್ಞೂಂ" ಎಂದೆ. ಸುಳ್ಳು ಹೇಳಲು ಬಾಯಿ ತೆರೆಯಬೇಕಿಲ್ಲ ಎಂಬುದು ನನಗೆ ಆ ದಿನ ತಿಳಿಯಿತು. ಆಕೆ ಕಿಟಕಿಯ ಕಡೆ ತಿರುಗಿ ಕೂತಳು.

ಆಸ್ಪತ್ರೆಯಲ್ಲಿ ಹುಡುಗಿ ಗೋಡೆಯ ಹಲಗೆಯಲ್ಲಿದ್ದ ಅಕ್ಷರಗಳನ್ನೆಲ್ಲ ಓದಿದಳು. ಕೊನೆಯ ಸಾಲಿನ ಕೆಳಗೆ ಹಲಗೆ ಮಾಡಿದ ಅಂಗಡಿಯವರ ಹೆಸರಿತ್ತು, ಅದನ್ನೂ ಓದಿದಳು. ಕತ್ತಲೆ ಕೋಣೆಯಲ್ಲಿ ಕೂರಿಸಿ ದೀಪ ಹಿಡಿದು ನೋಡಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಈಕಿಗಿ ಏನೂ ಆಗಿಲ್ಲ. ಇಂಥ ಕಣ್ಣು ನನಗೂ ಇಲ್ಲ. ಯಾಕ ಕರಕೊಂಡು ಬಂದ್ರಿ?"

"ಚುಕ್ಕಿ ಕಾಣಲಿಲ್ಲಂತ್ರಿ," ಎಂದೆ.

ಡಾಕ್ಟರು ನನ್ನನ್ನು ನೋಡಿದರು. ಆಮೇಲೆ ನನ್ನ ಬಲಗಣ್ಣನ್ನು ನೋಡಿದರು. "ಯಮ್ಮಾ, ನೀವು ಒಂದೀಟು ಇಲ್ಲಿ ಕೂಡ್ರಿ," ಎಂದರು. ಬಲಗಣ್ಣಿನಲ್ಲಿ ಪೊರೆ ಪೂರ್ತಿ ಬಂದಿತ್ತು, ಎಡಗಣ್ಣಿನಲ್ಲಿ ಬರುತ್ತಿತ್ತು. ಬಂದವಳ ಕಣ್ಣು ಚೆನ್ನಾಗಿವೆ ಎಂದು ಒಂದು ಚೀಟಿ, ಕರೆದುಕೊಂಡು ಬಂದವಳಿಗೆ ಆಪರೇಷನ್ ಆಗಬೇಕು ಎಂದು ಒಂದು ಚೀಟಿ ಕೊಟ್ಟರು. ನನ್ನ ಚೀಟಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, "ಹಿಂಡಿನಾಗ ಯಾರಿಗೂ ಹೇಳಬ್ಯಾಡ ಯವ್ವಾ. ಪಾಳಿ ಹೋಗತದ," ಎಂದೆ.

ಆಕೆ ತಕ್ಷಣ ಒಪ್ಪಿದಳು. ಒಂದೆರಡು ಮಾತು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಆ ರಾತ್ರಿ ನಿಮ್ಮ ಮನೆಯಲ್ಲಿ ಉಳಿದೆವು. ನಿಮ್ಮಲ್ಲಿ ದೊಡ್ಡವಳೇ, ನಿನಗೆ ನೆನಪಿರಬೇಕು. ಹುಡುಗಿ ನಿನಗೆ ಚುಕ್ಕಿಯ ಕಥೆ ಹೇಳಿದಳು. ನೀನು ಮೊಬೈಲನ್ನು ಬಾಲ್ಕನಿಯಿಂದ ಆಕಾಶಕ್ಕೆ ಹಿಡಿದೆ. ರಾಯಚೂರಿನ ದೀಪಗಳಲ್ಲಿ ನಮಗೆ ದೊಡ್ಡ ಚುಕ್ಕಿಗಳೆರಡೇ ಕಂಡವು, ಮೊಬೈಲಿನಲ್ಲಿ ಎಲ್ಲವೂ ಕಂಡವು. ಗೇಣು ಎಡಕ್ಕೆ, ನಾವು ಕೋಲು ಚಾಚಿದ ಜಾಗದಲ್ಲೇ, ಒಂದು ಕೆಂಪು ಬೊಟ್ಟು ಇತ್ತು. ಅದಕ್ಕೆ ಅವರು ಇಟ್ಟಿದ್ದ ಹೆಸರು ಇಂಗ್ಲಿಷಿನ ಒಂದು ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ನಮ್ಮ ಟಗರುಗಳಿಗೆ ಕೂಡ ಅದಕ್ಕಿಂತ ಒಳ್ಳೆಯ ಹೆಸರುಗಳಿವೆ.

ನೀನು ಓದಿ ಹೇಳಿದೆ: "ಅಜ್ಜೀ, ಇದು ಮುದಿ ಚುಕ್ಕಿ. ಮುದಿಯಾಗಿ ಉಬ್ಬಿ ಕೆಂಪಗಾಗೇದ. ನಾಕೈದು ತಿಂಗಳಿಗೊಮ್ಮೆ ಉಬ್ಬತದ, ಕುಗ್ಗತದ. ಆವಾಗ ಬೆಳಕು ಹೆಚ್ಚುಕಮ್ಮಿ ಆಗತದ. ಅದರ ಸುತ್ತ ಧೂಳೂ ಅದ. ಈಗ ಕಮ್ಮಿ ಆಗೇದ, ಹಂಗಾದಾಗ ಬರಿಗಣ್ಣಿಗಿ ಯಾರಿಗೂ ಕಾಣಂಗಿಲ್ಲ."

"ಯಾರಿಗೂ?" ಎಂದಳು ಹುಡುಗಿ.

"ಯಾರಿಗೂ."

ಹುಡುಗಿ ನನ್ನ ಕಡೆ ನೋಡಿದಳು. ನಾನು ಟಾಕಿ ತುಂಬಿತೇನೋ ನೋಡಿ ಬರುತ್ತೇನೆ ಎಂದು ಎದ್ದು ಹೋದೆ.

ಮರಳುವ ಬಸ್ಸಿನಲ್ಲಿ ನನಗೆ ಲೆಕ್ಕ ತಿಳಿಯುತ್ತಾ ಹೋಯಿತು. ಯಾರಿಗೂ ಕಾಣುವುದಿಲ್ಲ ಎಂದರೆ ಮೈದುನನಿಗೂ ಕಂಡಿಲ್ಲ. ಅವನ ಮಗನಿಗೂ ಕಂಡಿಲ್ಲ. ಮೂರು ಸಂಜೆ ಮೂವರೂ ಸೇರಿ ಕತ್ತಲೆಗೆ ಕೋಲು ತೋರಿಸಿದ್ದೇವೆ. ನಿಮ್ಮ ಅಜ್ಜನೂ ನೆನಪಾದರು. ಕೆಲವು ವರ್ಷ ಅವರು ಕೋಲು ಚಾಚಿ ಬಹಳ ಹೊತ್ತು ನಿಂತು, "ಇವತ್ತ ಮಂಜು ಭಾಳ," ಎನ್ನುತ್ತಿದ್ದರು. ಮಾನ್ವಿ ಕಡೆ ಅಷ್ಟೊಂದು ಮಂಜು ಬೀಳುವುದನ್ನು ನಾನು ಕಂಡಿಲ್ಲ. ಆಗ ಕೇಳಲಿಲ್ಲ.

ಚುಕ್ಕಿಯೇ ಮಬ್ಬಾಗಿದೆ ಎಂದು ಹೇಳಿದರೆ ಹುಡುಗಿ ಉಳಿಯುತ್ತಾಳೆ. ಆದರೆ ಹಾಗೆ ಹೇಳುವುದೂ ನಾವು ಮೂವರು ಸುಳ್ಳರು ಎಂದು ಹೇಳುವುದೂ ಒಂದೇ. ಅದರ ಹಿಂದೆಯೇ ನನ್ನ ಕಣ್ಣಿನ ಮಾತು ಬರುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ದಾರಿ ಹುಡುಕಿದೆ. ಸಿರವಾರ ಬಂತು, ಮಲ್ಲಟ ಬಂತು, ದಾರಿ ಸಿಗಲಿಲ್ಲ. ಡಾಕ್ಟರ ಚೀಟಿ ಇದೆಯಲ್ಲ, ಅದೇ ಸಾಕು ಎಂದುಕೊಂಡೆ.

ಸಾಕಾಗಲಿಲ್ಲ. ಮೈದುನನ ಮಗ ಚೀಟಿ ಓದಿ ಹೇಳಿದ. ನೆಗೆಣ್ಣಿ ಕೇಳಿಸಿಕೊಂಡು, "ಯಾವಾಗ ನೋಡ್ಯಾರ?" ಎಂದಳು.

"ಮಧ್ಯಾಹ್ನ," ಎಂದೆ.

"ಮಧ್ಯಾಹ್ನದ ಕಣ್ಣು ಚಲೋ ಅದ ಅಂತ ಬರದಾರ. ರಾತ್ರಿ ಕಣ್ಣಿಂದು ಎಲ್ಲಿ ಬರದಾರ? ರಾತ್ರಿ ಪಾಳಿಗಿ ಹಗಲಿನ ಚೀಟಿ ತಂದೀರಿ."

ಮೈದುನ ಆ ಮಾತನ್ನು ತೂಗಿ ನೋಡಿದ. ಅವನಿಗೆ ಅದು ಸರಿ ಎನಿಸಿತು. ನಾಳೆ ಬೀಗರನ್ನು ಕರೆಸುವುದು ಎಂದು ಹೇಳಿ ಮೊಬೈಲು ತೆಗೆದ. ಅವನಿಗೆ ಓದಲು ಬರುವುದಿಲ್ಲ. ಮೊಬೈಲಿನ ಹೆಸರುಗಳನ್ನು ಅವು ಇರುವ ಜಾಗದಿಂದ ಗುರುತು ಹಿಡಿಯುತ್ತಾನೆ. ಬೀಗರು ಮೇಲಿನಿಂದ ಏಳನೆಯವರು. ಒತ್ತಿದ. ಆ ಕಡೆಯಿಂದ ಮಾನ್ವಿಯ ಟಂಟಂ ಡ್ರೈವರು, "ಹೇಳ್ರಿ ಯಜಮಾನ್ರ, ಗಾಡಿ ಎಷ್ಟೊತ್ತಿಗಿ ತರ್ಲಿ?" ಎಂದ. ಮಗ ಯಾವುದೋ ಹೊಸ ನಂಬರು ಸೇರಿಸಿದ್ದರಿಂದ ಎಲ್ಲರೂ ಒಂದೊಂದು ಮೆಟ್ಟಿಲು ಕೆಳಗೆ ಹೋಗಿದ್ದರು.

ಹುಡುಗಿ ಆ ಹೊತ್ತಿಗೆ ತನ್ನ ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕುತ್ತಿದ್ದಳು. ಯಾರೂ ಹಾಕು ಎಂದಿರಲಿಲ್ಲ. ನನ್ನ ಚೀಟಿಯ ವಿಷಯ ಅವಳಿಗೆ ಗೊತ್ತಿತ್ತು, ಚುಕ್ಕಿಯ ವಿಷಯವೂ ಗೊತ್ತಿತ್ತು. ಎರಡನ್ನೂ ಹೇಳಲಿಲ್ಲ. ನನಗೆ ಕೊಟ್ಟ ಮಾತಿಗಾಗಿ ಅವಳು ಸಿರವಾರಕ್ಕೆ ಹೋಗಲು ತಯಾರಾಗಿದ್ದಳು. ಮೈದುನ ಈಗ ಎಂಟನೆಯ ಜಾಗಕ್ಕೆ ಬೆರಳು ತಂದ.

"ಯಪ್ಪಾ, ಫೋನ್ ಹಚ್ಚಬ್ಯಾಡ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ನಾಯಿ ಎದ್ದು ನಿಂತಿತು. ನಾನು ನಾಯಿಯ ಮುಖ ನೋಡಿಯೇ ಉಳಿದದ್ದನ್ನು ಹೇಳಿದೆ. "ಚುಕ್ಕಿ ನನಗೂ ಕಾಣಲಿಲ್ಲ. ಮೂರು ದಿನನೂ ಕಾಣಲಿಲ್ಲ. ಜಾಗ ಗೊತ್ತಿತ್ತು, ತೋರಿಸಿದೆ. ನನ್ನ ಕಣ್ಣಾಗ ಪೊರಿ ಬಂದದ. ಚೀಟಿ ಇಲ್ಲೇ ಅದ."

ಮೈದುನ ಬೆರಳು ಹಿಂದಕ್ಕೆ ತೆಗೆದ.

"ನಿನಗ ಪೊರಿ ಬಂದದ, ಅದಕ್ಕ ಕಂಡಿಲ್ಲ. ಈಕಿಗೇನು ಬಂದದ?" ಎಂದಳು ನೆಗೆಣ್ಣಿ.

"ಈಕಿಗೇನೂ ಬಂದಿಲ್ಲ. ಚುಕ್ಕಿನ ಮಬ್ಬಾಗೇದ. ಅದು ಮುದಿ ಚುಕ್ಕಿ ಅಂತ. ಉಬ್ಬತದ, ಕುಗ್ಗತದ. ಈಗ ಯಾರಿಗೂ ಕಾಣಂಗಿಲ್ಲಂತ."

"ಉಬ್ಬತದ?" ಎಂದ ಮೈದುನ. ಕುರಿಗೆ ಹೊಟ್ಟೆ ಉಬ್ಬರ ಬಂದರೆ ಎಣ್ಣೆ ಕುಡಿಸಿ ಇಳಿಸುವುದರಲ್ಲಿ ಅವನ ಕೈಗುಣಕ್ಕೆ ದೇವದುರ್ಗದಿಂದಲೂ ಜನ ಬರುತ್ತಾರೆ. "ಮುದಿಯಾಗಿ ಉಬ್ಬಿದ್ದು ಉಳಿಯೋದಿಲ್ಲಲ್ಲ."

"ಇದು ಇನ್ನೂ ಭಾಳ ದಿನ ಇರತದಂತ."

ಅವನು ತಲೆ ಆಡಿಸಿದ. ರೋಗ ಗೊತ್ತಾದ ಮೇಲೆ ಅವನಿಗೆ ಚುಕ್ಕಿಯ ಮೇಲೆ ಅನುಮಾನ ಉಳಿಯಲಿಲ್ಲ. ಆದರೆ ಯಾರಿಗೂ ಕಾಣುವುದಿಲ್ಲ ಎಂಬ ಮಾತು ತನ್ನ ಕೋಲಿನವರೆಗೂ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಮಗನ ಕಡೆ ತಿರುಗಿದ.

"ಲೇ, ನಿನಗ ಕಂಡಿತ್ತೇನು?"

"ನೀ ಎಲ್ಲಿ ತೋರಿಸಿದ್ಯೋ ಅಲ್ಲಿ ತೋರಿಸಿದೆಪಾ."

"ನಿನಗ?" ಎಂದು ಹೆಂಡತಿಯನ್ನು ಕೇಳಿದ.

"ನಾ ರೊಟ್ಟಿ ನೋಡೇನೋ, ಚುಕ್ಕಿ ನೋಡೇನೋ?" ಎಂದಳು ಆಕೆ. "ನಿನಗ ಕಂಡಿತ್ತೇನು, ಅದು ಹೇಳು."

ಮೈದುನ ಟವೆಲಿನಿಂದ ಮುಖ ಒರೆಸಿಕೊಂಡ. "ನನಗ ಕಾಣದಂಗಾತು ಅಂತ ಗೊತ್ತಾದ್ರ ಹಿಂಡು ಯಾರು ನಡಸ್ತಾರ?" ಎಂದ. ಆಮೇಲೆ, "ಹಂಗಾದ್ರ ಇಷ್ಟು ದಿನ ಕುರಿ ಕಾದವರು ಯಾರು?" ಎಂದ.

"ನಾಯಿ," ಎಂದಳು ಹುಡುಗಿ.

ಮೊದಲು ನಕ್ಕವಳು ನೆಗೆಣ್ಣಿ. ಆಕೆಗೆ ನಗು ಬಂದರೆ ನಿಲ್ಲುವುದಿಲ್ಲ, ಅದಕ್ಕೇ ಬಹುಶಃ ಹೆಚ್ಚು ನಗುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾ ಬೇ, ಚೀಲ ಅಲ್ಲಿಟ್ಟು ರೊಟ್ಟಿ ತಿನ್ನು, ಆರಾಕತ್ತಾವ," ಎಂದು ಸೊಸೆಗೆ ಹೇಳಿದಳು. ಆಕೆ ಕೇಳಿದ ಕ್ಷಮೆ ಅಷ್ಟೇ. ಹುಡುಗಿ ನಾಲ್ಕು ರೊಟ್ಟಿ ತಿಂದಳು. ಮೊಬೈಲು ಮೈದುನನ ಜೇಬಿಗೆ ಹೋಯಿತು.

ಇನ್ನು ನನ್ನ ಪಾಳಿಯ ಮಾತು ಉಳಿದಿತ್ತು. ಅದನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ನಾನೇ ಎತ್ತಿದೆ. ಆ ದಿನ ಒಂದು ವರ್ಷದ ಮಾತು ಆಡಿ ಮುಗಿಸಿದೆ. "ನನಗ ಚುಕ್ಕಿ ಅಲ್ಲ, ಆ ಬದುವಿನ ಮ್ಯಾಲಿನ ಜಾಲಿ ಗಿಡನೂ ಸರಿಯಾಗಿ ಕಾಣಂಗಿಲ್ಲ. ಕುರಿ ನಿಮ್ಮದರಾಗ ಕೂಡಿಸಿಕೊಳ್ರಿ. ನಾ ನಾಳೆ ರಾಯಚೂರಿಗಿ ಹೋಗತೀನಿ."

"ದೊಡ್ಡತ್ತಿ ಪಾಳಿನೂ ನಾನ ಮಾಡತೀನಿ ಮಾವಾ," ಎಂದಳು ಹುಡುಗಿ. "ಆಕಿ ಹೆಸರಲೆ."

"ಎರಡು ಪಾಳಿ ಮಾಡಿದ್ರ ಮಲಗೋದು ಯಾವಾಗ?"

"ನೀವೆಲ್ಲ ಕಣ್ಣು ತೆರಕೊಂಡ ಮಲಗೀರಲ್ರಿ, ಹಂಗ ಮಲಗತೀನಿ."

ಹಿಂಡಿನ ಯಜಮಾನನಿಗೆ ಹೀಗೆ ಮಾತಾಡಿದ ಸೊಸೆ ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಮೈದುನ ಬಹಳ ಹೊತ್ತು ಕೋಲಿನ ತುದಿಯಿಂದ ಮಣ್ಣು ಕೆದರಿದ. "ಪಾಳಿ ಮನಿದು," ಎಂದ ಕೊನೆಗೆ. "ಕಣ್ಣು ಯಾರದಾದ್ರ ಏನು. ಆಪರೇಷನ್ ಆಗೋ ಮಟ ನಡೀಲಿ." ಈ ಪದ್ಧತಿ ಮೊದಲಿನಿಂದಲೂ ಇದ್ದದ್ದೇ ಎನ್ನುವಂತೆ ಹೇಳಿದ. ಈಗ ಕೇಳಿದರೆ ಮೊದಲಿನಿಂದಲೂ ಇತ್ತು ಎಂದೇ ಹೇಳುತ್ತಾನೆ.

ಆ ರಾತ್ರಿ ನನ್ನ ಪಾಳಿಗೆ ಹುಡುಗಿ ಎದ್ದು ಬಲೆಯ ಮೂಲೆಯಲ್ಲಿ ಕೂತಳು. ನಾನೂ ಕಂಬಳಿ ಹೊದ್ದು ಪಕ್ಕದಲ್ಲಿ ಹೋಗಿ ಕೂತೆ.

"ನೀವು ಮಲಗ್ರಿ ದೊಡ್ಡತ್ತಿ."

"ಪಾಳಿ ನಂದು," ಎಂದೆ.

"ಹಂಗಾದ್ರ ಕೂಡ್ರಿ. ಸುಳ್ಳು ಮಾತ್ರ ಹೇಳಬ್ಯಾಡ್ರಿ. ಕಾಣಲಿಲ್ಲಂದ್ರ ಕಾಣಲಿಲ್ಲ ಅನ್ರಿ."

ಆಗಾಗ ಆಕೆ ಕತ್ತಲಲ್ಲಿ ಕೈ ಚಾಚಿ, ಅಲ್ಲಿ ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಿದ್ದಳು. ಒಟ್ಟು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಕಾಣಲಿಲ್ಲ ಎಂದೆ.